ಸೋತವರಿಗೂ ಒಂದು ಅಂಕ

ನಮ್ಮ ಕಲ್ಯಾಣ ನಾಡಿನ ಹಳ್ಳಿಗಳಲ್ಲಿ ಆಟವೆಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜಾತ್ರೆಯ ಕುಸ್ತಿ, ಶಾಲೆಯಂಗಳದ ಕಬಡ್ಡಿ, ಖೋ ಖೋ ಇವೆಲ್ಲ ನಾವು ಬಾಲ್ಯದಿಂದಲೂ ಕಂಡವುಗಳು, ಆಡಿದವುಗಳು. ಆದರೆ ಇಂದು ನಮ್ಮ ಮಕ್ಕಳು ಓದುವ ಕಾಲೇಜುಗಳ ಆವರಣದಲ್ಲಿ ಎರಡು ಎತ್ತರದ ಕಂಬಗಳು, ಅವುಗಳ ತುದಿಗೆ ಹಲಗೆ, ಹಲಗೆಗೆ ಹೊಂದಿದ ಕಬ್ಬಿಣದ ಬಳೆ, ಬಳೆಗೆ ಜೋತುಬಿದ್ದ ನೂಲಿನ ಜಾಲ ಕಾಣುತ್ತವೆ. ಇದು ಬ್ಯಾಸ್ಕೆಟ್‌ಬಾಲ್ ಅಂಗಣ. ಹಿರಿಯರು ಅದರ ಪಕ್ಕದಲ್ಲಿ ಹಾದುಹೋಗುತ್ತಾರೆ, ಒಂದು ಕ್ಷಣ ನಿಂತು ನೋಡುತ್ತಾರೆ, ಏನೂ ತಿಳಿಯದೆ ಮುಂದೆ ಸಾಗುತ್ತಾರೆ. ಮಕ್ಕಳು ಮನೆಗೆ ಬಂದು 'ನಾಕೌಟ್', 'ಲೀಗ್', 'ಬೈ' ಎಂದು ಮಾತನಾಡಿದರೆ ಅದು ಬೇರೊಂದು ಭಾಷೆಯಂತೆ ಕೇಳಿಸುತ್ತದೆ.

ಈಚೆಗೆ ಮಂಠಾಳದ ಗೃಹಸ್ಥರೊಬ್ಬರು ಕೇಳಿದ ಪ್ರಶ್ನೆಯೇ ಈ ತಿಂಗಳ ಲೇಖನಕ್ಕೆ ನಿಮಿತ್ತವಾಯಿತು. ಅವರ ಮಗಳು ಪದವಿ ಕಾಲೇಜಿನ ವಿದ್ಯಾರ್ಥಿನಿ. ಕಾಲೇಜಿನ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಪಂದ್ಯಾವಳಿ ನಡೆಯುವುದು ಪರ ಊರಿನಲ್ಲಿ. "ಗುರುಗಳೆ, ಮೊದಲನೇ ಆಟದಾಗ ಸೋತರ ಅವತ್ತೇ ಹೊಳ್ಳಿ ಬರಬೇಕಂತ್ರಿ. ಇವರದು ಹೊಸ ಟೀಮು, ಸೋಲೋದು ಗ್ಯಾರಂಟಿ. ಸೋಲಾಕಂತ ಹುಡುಗೀನ ಅಷ್ಟು ದೂರ ಕಳಿಸೋದು ಯಾಕ್ರಿ?" ಎಂದು ಅವರು ಕೇಳಿದರು. ಪ್ರಶ್ನೆ ಸರಳವಾದುದು, ಪ್ರಾಮಾಣಿಕವಾದುದು. ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಇರಲು ಸಾಕು. ಇದಕ್ಕೆ ಉತ್ತರವನ್ನು ಉಪದೇಶದಿಂದ ಹೇಳುವುದಕ್ಕಿಂತ ಪಂದ್ಯಾವಳಿಯ ರಚನೆಯನ್ನೇ ಬಿಡಿಸಿ ತೋರಿಸುವುದು ಲೇಸು. ರಚನೆ ತಿಳಿದರೆ ಉತ್ತರ ತಾನಾಗಿಯೇ ತಿಳಿಯುತ್ತದೆ.

ಮೊದಲು ಆಟದ ಹುಟ್ಟನ್ನು ನೋಡೋಣ. ಬಹುತೇಕ ಆಟಗಳಿಗೆ ಇಂಥವರೇ ಕರ್ತೃ ಎಂದು ಹೇಳಲಾಗದು. ಈ ಆಟಕ್ಕೆ ಹೇಳಬಹುದು. ಜೇಮ್ಸ್ ನೈಸ್ಮಿತ್ ಎಂಬಾತ ಕೆನಡಾ ದೇಶದಲ್ಲಿ 1861ರಲ್ಲಿ ಜನಿಸಿದವನು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದನು. ಮಾಂಟ್ರಿಯಲ್ ನಗರದಲ್ಲಿ ಕ್ರೈಸ್ತ ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡಿದವನಾದರೂ, ಯುವಕರನ್ನು ತಿದ್ದಲು ವ್ಯಾಯಾಮಶಾಲೆಯೂ ತಕ್ಕ ಸ್ಥಳವೆಂದು ಭಾವಿಸಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಶಿಕ್ಷಕನಾದನು. 1891ರ ಡಿಸೆಂಬರ್ ತಿಂಗಳು. ಹೊರಗೆ ಕೊರೆಯುವ ಚಳಿ. ಒಳಾಂಗಣದಲ್ಲಿ ಆಡಬಹುದಾದ, ಯಾರಿಗೂ ಪೆಟ್ಟಾಗದ ಒಂದು ಹೊಸ ಆಟವನ್ನು ರಚಿಸುವಂತೆ ಮೇಲಧಿಕಾರಿಗಳು ಅವನಿಗೆ ಹದಿನಾಲ್ಕು ದಿನಗಳ ಅವಧಿ ಕೊಟ್ಟರು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಮೇಲಂತಸ್ತಿನ ಕಟಕಟೆಗೆ ಬಡಿಸಿ, ಹದಿಮೂರು ನಿಯಮಗಳನ್ನು ಬರೆದು, ಒಂಬತ್ತೊಂಬತ್ತು ಜನರ ಎರಡು ಪಂಗಡ ಮಾಡಿ ಅವನು ಆಡಿಸಿದನು. ಆ ಮೊದಲ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಸಲ.

ಇಲ್ಲಿ ಗಮನಿಸಬೇಕಾದ ಯುಕ್ತಿಯೊಂದುಂಟು. ಗುರಿಯು ನೆಲದ ಮಟ್ಟದಲ್ಲಿದ್ದರೆ ಆಟಗಾರನು ಬಲಪ್ರಯೋಗದಿಂದ ಚೆಂಡನ್ನು ಬೀಸಿ ಹೊಡೆಯುತ್ತಾನೆ. ಅದರಿಂದ ಪೆಟ್ಟು, ಜಗಳ. ಗುರಿಯನ್ನು ತಲೆಯ ಮೇಲೆ ಹತ್ತು ಅಡಿ ಎತ್ತರದಲ್ಲಿ, ಬಾಯಿ ಆಕಾಶಕ್ಕೆ ತೆರೆದಂತೆ ಇಟ್ಟರೆ ಬಲವು ನಿಷ್ಪ್ರಯೋಜಕ. ಚೆಂಡನ್ನು ಮೃದುವಾಗಿ ಕಮಾನಿನಂತೆ ಎಸೆಯಲೇಬೇಕು. ಜೊತೆಗೆ, ಚೆಂಡನ್ನು ಹಿಡಿದುಕೊಂಡು ಓಡಕೂಡದು, ಎದುರಾಳಿಯನ್ನು ನೂಕಕೂಡದು, ಹಿಡಿಯಕೂಡದು ಎಂಬ ಕಟ್ಟಳೆ. ಹೀಗೆ ಸಂಯಮವೇ ಈ ಆಟದ ತಳಪಾಯವಾಯಿತು. ಮರುವರ್ಷವೇ, ಅಂದರೆ 1892ರಲ್ಲಿ, ಸಮೀಪದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಕಿ ಇದನ್ನು ವಿದ್ಯಾರ್ಥಿನಿಯರಿಗೆ ಕಲಿಸಿದಳು. ಹೆಣ್ಣುಮಕ್ಕಳಿಗೆ ಈ ಆಟ ಹೊಸತೆಂದು ತಿಳಿಯುವವರು ಇದನ್ನು ನೆನಪಿನಲ್ಲಿಡಬೇಕು: ಆಟದ ವಯಸ್ಸಿಗೂ ಹೆಣ್ಣುಮಕ್ಕಳು ಅದನ್ನು ಆಡಲಾರಂಭಿಸಿದ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಭಾರತಕ್ಕೂ ಇದು ವೈಎಂಸಿಎ ಸಂಸ್ಥೆಯ ಮೂಲಕವೇ ಬಂದಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಶಾಲೆಯಿಂದ ತರಬೇತಾದ ಶಿಕ್ಷಕರು ದಕ್ಷಿಣದ ಶಾಲೆ ಕಾಲೇಜುಗಳಿಗೆ ಇಂಥ ಆಟಗಳನ್ನು ಒಯ್ದರು.

ಇನ್ನು ಇಂದಿನ ಆಟದ ಸ್ವರೂಪ. ಅಂಗಣದ ಉದ್ದ 28 ಮೀಟರು, ಅಗಲ 15 ಮೀಟರು. ಆಟಗಾರರು 'ರಿಂಗ್' ಎಂದು ಕರೆಯುವ ಬಳೆ ನೆಲದಿಂದ 3.05 ಮೀಟರು ಎತ್ತರದಲ್ಲಿರುತ್ತದೆ. ತಂಡದಲ್ಲಿ ಹನ್ನೆರಡು ಜನರವರೆಗೆ ಇರಬಹುದು. ಅಂಗಣದಲ್ಲಿ ಏಕಕಾಲಕ್ಕೆ ಆಡುವವರು ಐವರು. ಉಳಿದವರು ಬೆಂಚಿನ ಮೇಲೆ ಕುಳಿತಿದ್ದು ಸರದಿಯಂತೆ ಒಳಗೆ ಬರುತ್ತಾರೆ. ಆಟದ ಅವಧಿ ಹತ್ತು ನಿಮಿಷಗಳ ನಾಲ್ಕು ಭಾಗ. ತೀರ್ಪುಗಾರರು ಸೀಟಿ ಊದಿದಾಗಲೆಲ್ಲ ಗಡಿಯಾರ ನಿಲ್ಲುವುದರಿಂದ ನಲವತ್ತು ನಿಮಿಷದ ಆಟ ಮುಗಿಯಲು ಒಂದೂವರೆ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಚೆಂಡು ಕೈಗೆ ಬಂದ ತಂಡ 24 ಸೆಕೆಂಡುಗಳೊಳಗೆ ಬಳೆಯತ್ತ ಎಸೆಯಬೇಕು. ನಡೆಯುವಾಗ ಚೆಂಡನ್ನು ನೆಲಕ್ಕೆ ಪುಟಿಸುತ್ತಲೇ ಇರಬೇಕು.

ಅಂಕಗಳ ಲೆಕ್ಕ ಸುಲಭ. ಬಳೆಯ ಮುಂದೆ ಎಳೆದ ದೊಡ್ಡ ಕಮಾನಿನ ಗೆರೆ ಬಳೆಯ ಮಧ್ಯಬಿಂದುವಿನಿಂದ 6.75 ಮೀಟರು ದೂರದಲ್ಲಿರುತ್ತದೆ. ಅದರ ಒಳಗಿನಿಂದ ಎಸೆದು ಬಿದ್ದರೆ ಎರಡು ಅಂಕ, ಹೊರಗಿನಿಂದ ಬಿದ್ದರೆ ಮೂರು. ಎದುರಾಳಿ ನಿಯಮ ಮೀರಿ ಮೈಮುಟ್ಟಿ ತಡೆದರೆ ಅದು 'ಫೌಲ್'. ಕೆಲವು ಫೌಲುಗಳಿಗೆ, ಯಾರೂ ಅಡ್ಡ ಬಾರದಂತೆ ನಿಂತು ಎಸೆಯುವ ಅವಕಾಶ ದೊರೆಯುತ್ತದೆ. ಅಂಥ ಎಸೆತಕ್ಕೆ ಒಂದು ಅಂಕ. ಒಬ್ಬ ಆಟಗಾರ ಐದು ಫೌಲ್ ಮಾಡಿದರೆ ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ. ಸಮಸಮವಾಗಿ ಮುಗಿಯುವುದು ಈ ಆಟದಲ್ಲಿಲ್ಲ. ಅಂಕ ಸಮನಾದರೆ ಐದು ನಿಮಿಷ ಹೆಚ್ಚು ಆಡಿಸುತ್ತಾರೆ; ಆಗಲೂ ಸಮನಾದರೆ ಮತ್ತೆ ಐದು ನಿಮಿಷ.

ಪಂದ್ಯ ತಿಳಿಯಿತು. ಈಗ ಪಂದ್ಯಾವಳಿ. ಜಾತ್ರೆಯ ಕುಸ್ತಿಯಲ್ಲಿ ಒಂದು ಜೋಡಿಯ ಫಲಕ್ಕೂ ಇನ್ನೊಂದು ಜೋಡಿಯ ಫಲಕ್ಕೂ ಸಂಬಂಧವಿಲ್ಲ. ಗೆದ್ದವನು ಅಂದೇ ಬಹುಮಾನ ಪಡೆದು ಮನೆಗೆ ಹೋಗುತ್ತಾನೆ. ಪಂದ್ಯಾವಳಿಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಪಂದ್ಯವೂ ಮುಂದಿನ ಪಂದ್ಯಕ್ಕೆ ಹೊಸೆದ ಹುರಿ. ಇದನ್ನು ಹೊಸೆಯುವ ವಿಧಾನಗಳು ಮುಖ್ಯವಾಗಿ ಎರಡು: ನಾಕೌಟ್ ಮತ್ತು ಲೀಗ್.

ನಾಕೌಟ್ ಎಂದರೆ ಸೋತ ತಂಡ ಹೊರಕ್ಕೆ, ಗೆದ್ದ ತಂಡ ಮುಂದಕ್ಕೆ. ಹದಿನಾರು ತಂಡಗಳು ಬಂದಿವೆಯೆಂದು ಭಾವಿಸೋಣ. ಮೊದಲ ಸುತ್ತಿನಲ್ಲಿ ಎಂಟು ಪಂದ್ಯ. ಎಂಟು ತಂಡ ಉಳಿಯುತ್ತವೆ. ಎರಡನೆಯ ಸುತ್ತಿನಲ್ಲಿ ನಾಲ್ಕು ಪಂದ್ಯ. ಇದು ಕ್ವಾರ್ಟರ್ ಫೈನಲ್. ಆಮೇಲೆ ಎರಡು, ಇದು ಸೆಮಿಫೈನಲ್. ಕೊನೆಗೆ ಒಂದು, ಅದು ಫೈನಲ್. ಒಟ್ಟು ಹದಿನೈದು ಪಂದ್ಯ. ತಂಡಗಳ ಸಂಖ್ಯೆಯಲ್ಲಿ ಒಂದನ್ನು ಕಳೆದರೆ ಪಂದ್ಯಗಳ ಸಂಖ್ಯೆ. ಏಕೆಂದರೆ ಪ್ರತಿ ಪಂದ್ಯ ಒಂದು ತಂಡವನ್ನು ಹೊರಗೆ ಕಳಿಸುತ್ತದೆ. ಕೊನೆಗೆ ಉಳಿಯಬೇಕಾದುದು ಒಂದೇ.

ಆದರೆ ಹದಿನಾರು, ಎಂಟು, ನಾಲ್ಕು ಎಂದು ತಂಡಗಳು ಲೆಕ್ಕವಿಟ್ಟು ಬರುವುದಿಲ್ಲ. ಹನ್ನೊಂದು ಬಂದರೆ? ಆಗ ಹದಿನಾರಕ್ಕೆ ಎಷ್ಟು ಕಡಿಮೆಯೋ ಅಷ್ಟು ತಂಡಗಳಿಗೆ, ಅಂದರೆ ಐದು ತಂಡಗಳಿಗೆ, ಮೊದಲ ಸುತ್ತಿನಲ್ಲಿ ಆಡದೆಯೇ ಮುಂದಕ್ಕೆ ಹೋಗುವ ಅವಕಾಶ ಕೊಡುತ್ತಾರೆ. ಇದೇ 'ಬೈ'. ಉಳಿದ ಆರು ತಂಡ ಮೂರು ಪಂದ್ಯ ಆಡುತ್ತವೆ. ಗೆದ್ದ ಮೂರು, ಬೈ ಪಡೆದ ಐದು ಸೇರಿ ಎಂಟಾಯಿತು. ಮುಂದಿನ ದಾರಿ ಮೊದಲಿನಂತೆಯೇ. ಯಾರು ಯಾರೊಡನೆ ಆಡಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಇದಕ್ಕೆ 'ಡ್ರಾ' ಎಂದು ಹೆಸರು. ಹಿಂದಿನ ವರ್ಷದ ಬಲಿಷ್ಠ ತಂಡಗಳನ್ನು ಮಾತ್ರ ಚೀಟಿಗೆ ಬಿಡದೆ ಪಟ್ಟಿಯ ಬೇರೆ ಬೇರೆ ತುದಿಗಳಲ್ಲಿ ಇಡುವುದುಂಟು. ಇದು 'ಸೀಡಿಂಗ್'. ಮೊದಲ ಬಾರಿ ನೋಡಿದವರಿಗೆ ಇದು ಪಕ್ಷಪಾತದಂತೆ ತೋರುತ್ತದೆ. ಆದರೆ ಎರಡು ಅತ್ಯುತ್ತಮ ತಂಡಗಳು ಮೊದಲ ದಿನವೇ ಎದುರಾದರೆ ಅವುಗಳಲ್ಲೊಂದು ಅಂದೇ ಮನೆಗೆ ಹೋಗಬೇಕಾಗುತ್ತದೆ. ಫೈನಲಿಗೆ ಅದಕ್ಕಿಂತ ದುರ್ಬಲ ತಂಡ ಬಂದೀತು. ಆ ಅನ್ಯಾಯವನ್ನು ತಪ್ಪಿಸುವುದೇ ಸೀಡಿಂಗಿನ ಉದ್ದೇಶ. ಹೊಸ ತಂಡಕ್ಕೆ ಮೊದಲ ದಿನವೇ ಬಲಿಷ್ಠರು ಎದುರಾಗಬಹುದೆಂಬುದೂ ಇದರ ಪರಿಣಾಮವೇ.

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಒಂದು ರಾಷ್ಟ್ರೀಯ ಹಬ್ಬದಂತೆ ಪ್ರತಿ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. 1939ರಲ್ಲಿ ಎಂಟು ಪುರುಷ ತಂಡಗಳಿಂದ ಆರಂಭವಾದ ಅದರಲ್ಲಿ 2011ರಿಂದ 68 ತಂಡಗಳು ಆಡತೊಡಗಿದವು; ಮಹಿಳೆಯರ ಪಂದ್ಯಾವಳಿ 1982ರಲ್ಲಿ ಆರಂಭವಾಯಿತು. ಅಲ್ಲಿಯೂ ನಿಯಮ ನಾಕೌಟೇ. 68 ತಂಡ, 67 ಪಂದ್ಯ. ಲಕ್ಷಾಂತರ ಜನ ನೋಡುವ ಆ ಮಹಾಪಂದ್ಯಾವಳಿಯಲ್ಲಿ 67 ತಂಡಗಳು ಸೋತೇ ಮನೆಗೆ ಹೋಗುತ್ತವೆ. ಸೋಲದೆ ಹೋಗುವುದು ಒಂದೇ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಪಂದ್ಯಾವಳಿಯೆಂದರೆ ಗೆಲ್ಲುವವರ ಕೂಟವೆಂದು ನಾವು ತಿಳಿಯುತ್ತೇವೆ. ಲೆಕ್ಕ ಹಾಕಿದರೆ ಅದು ಸೋಲುವವರ ಕೂಟ. ಹದಿನಾರು ತಂಡಗಳಲ್ಲಿ ಹದಿನೈದಕ್ಕೆ ಸೋಲು ನಿಶ್ಚಿತ. ಯಾವ ದಿನ ಎಂಬುದಷ್ಟೇ ಅನಿಶ್ಚಿತ. ಹೀಗಿರುವಾಗ 'ಸೋಲುವುದಾದರೆ ಹೋಗುವುದೇಕೆ' ಎಂಬ ತರ್ಕವನ್ನು ಎಲ್ಲ ಮನೆಯವರೂ ಹಿಡಿದರೆ ಒಂದೇ ಒಂದು ತಂಡ ಬಂದೀತು. ಅದಕ್ಕೆ ಆಡಲು ಎದುರಾಳಿಯೇ ಇರದು. ಗೆದ್ದವರ ಗೆಲುವು ಸೋತವರು ಬಂದುದರಿಂದಲೇ ಸಂಭವಿಸಿತು.

ಎರಡನೆಯ ವಿಧಾನ ಲೀಗ್. ಇಲ್ಲಿ ಪ್ರತಿ ತಂಡವೂ ಗುಂಪಿನ ಉಳಿದ ಎಲ್ಲ ತಂಡಗಳೊಡನೆ ಆಡುತ್ತದೆ. ನಾಲ್ಕು ತಂಡಗಳಿದ್ದರೆ ಆರು ಪಂದ್ಯ. ಒಂದು ಸೋಲಿನಿಂದ ಯಾರೂ ಹೊರಬೀಳುವುದಿಲ್ಲ. ಎಲ್ಲ ಪಂದ್ಯಗಳು ಮುಗಿದ ಮೇಲೆ ಗಳಿಸಿದ ಅಂಕಗಳನ್ನು ಕೂಡಿ ಸ್ಥಾನ ನಿರ್ಣಯಿಸುತ್ತಾರೆ. ಈ ಅಂಕಗಳ ನಿಯಮ ನನ್ನ ಮನಸ್ಸನ್ನು ಬಹುವಾಗಿ ಸೆಳೆಯಿತು. ಅಂತರರಾಷ್ಟ್ರೀಯ ನಿಯಮದಂತೆ ಗೆದ್ದ ತಂಡಕ್ಕೆ ಎರಡು ಅಂಕ. ಸೋತ ತಂಡಕ್ಕೆ ಒಂದು ಅಂಕ. ಆಡಲು ಬಾರದೆ ಪಂದ್ಯವನ್ನು ಬಿಟ್ಟುಕೊಟ್ಟ ತಂಡಕ್ಕೆ ಸೊನ್ನೆ. ನಿಗದಿತ ಸಮಯ ಕಳೆದು ಹದಿನೈದು ನಿಮಿಷವಾದರೂ ಆಡಲು ಸಿದ್ಧರಾದ ಐವರು ಅಂಗಣದಲ್ಲಿರದಿದ್ದರೆ ಪಂದ್ಯವನ್ನು ಬಿಟ್ಟುಕೊಟ್ಟಂತೆಯೇ. ಆಗ ಎದುರಾಳಿಗೆ 20-0 ಗೆಲುವು. ಅಂದರೆ ಈ ಆಟದ ಧರ್ಮಶಾಸ್ತ್ರ ಸೋಲನ್ನೂ ಗೈರುಹಾಜರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬಂದು, ಆಡಿ, ಸೋತವರಿಗೆ ಒಂದು ಅಂಕದ ಮರ್ಯಾದೆಯುಂಟು. ಬಾರದವರಿಗೆ ಏನೂ ಇಲ್ಲ.

ಇನ್ನೊಂದು ಸೂಕ್ಷ್ಮ. ಲೀಗಿನಲ್ಲಿ ತಂಡಗಳ ಅಂಕ ಸಮನಾಗುವುದು ಸಾಮಾನ್ಯ. ಒಂದು ಕಲ್ಪಿತ ಉದಾಹರಣೆ ನೋಡೋಣ. ಅ, ಆ, ಇ, ಈ ಎಂಬ ನಾಲ್ಕು ತಂಡ. ಮೊದಲ ಮೂರೂ ಈ ತಂಡವನ್ನು ಸೋಲಿಸಿವೆ. ತಮ್ಮತಮ್ಮಲ್ಲಿ ಅ ತಂಡ ಆ ತಂಡವನ್ನು 10 ಅಂಕಗಳಿಂದ, ಆ ತಂಡ ಇ ತಂಡವನ್ನು 4 ಅಂಕಗಳಿಂದ, ಇ ತಂಡ ಅ ತಂಡವನ್ನು 3 ಅಂಕಗಳಿಂದ ಸೋಲಿಸಿವೆ. ಮೂರಕ್ಕೂ ಎರಡೆರಡು ಗೆಲುವು, ಒಂದೊಂದು ಸೋಲು, ಐದೈದು ಅಂಕ. ಆಗ ಈ ಮೂರು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಅಂತರವನ್ನು ನೋಡುತ್ತಾರೆ. ಅ ತಂಡಕ್ಕೆ ಹತ್ತು ಹೆಚ್ಚು, ಮೂರು ಕಡಿಮೆ. ಒಟ್ಟು ಏಳು ಹೆಚ್ಚು. ಇ ತಂಡಕ್ಕೆ ಒಂದು ಕಡಿಮೆ. ಆ ತಂಡಕ್ಕೆ ಆರು ಕಡಿಮೆ. ಆದ್ದರಿಂದ ಅ ಮೊದಲು, ಇ ಎರಡನೆಯದು, ಆ ಮೂರನೆಯದು. ಸೋಲು ಖಚಿತವಾದ ಮೇಲೂ ಕೊನೆಯ ನಿಮಿಷದವರೆಗೆ ಮಕ್ಕಳು ಜೀವ ತೇಯ್ದು ಆಡುವುದೇಕೆಂದು ಈಗ ತಿಳಿಯಿತಷ್ಟೆ. ಹತ್ತು ಅಂಕದ ಸೋಲಿಗೂ ಮೂರು ಅಂಕದ ಸೋಲಿಗೂ ಭೇದವಿದೆ. ಆ ಭೇದ ಮುಂದೆ ಸ್ಥಾನವನ್ನೇ ಬದಲಿಸಬಲ್ಲದು.

ಈಗ ನಮ್ಮ ಕಾಲೇಜುಗಳ ಮೆಟ್ಟಿಲುಗಳನ್ನು ನೋಡೋಣ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಬೀದರ ಜಿಲ್ಲೆಯ ಪದವಿ ಕಾಲೇಜುಗಳಿಗೆ 2023ರಲ್ಲಿ ಜಿಲ್ಲೆಯದೇ ಆದ ಬೀದರ ವಿಶ್ವವಿದ್ಯಾಲಯ ದೊರೆಯಿತು. ಒಂದು ವಿಶ್ವವಿದ್ಯಾಲಯದ ಕಾಲೇಜುಗಳು ತಮ್ಮತಮ್ಮಲ್ಲಿ ಆಡುವುದು ಅಂತರ ಕಾಲೇಜು ಪಂದ್ಯಾವಳಿ; ಇದು ಮೊದಲ ಮೆಟ್ಟಿಲು. ಎರಡನೆಯದು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. 1925ರಲ್ಲಿ ಆರಂಭವಾದ ಅಂತರ ವಿಶ್ವವಿದ್ಯಾಲಯ ಮಂಡಳಿಯೇ ಈಗ ಭಾರತೀಯ ವಿಶ್ವವಿದ್ಯಾಲಯಗಳ ಸಂಘವಾಗಿದ್ದು, ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಇದನ್ನು ನಡೆಸುತ್ತದೆ. ನಮ್ಮದು ದಕ್ಷಿಣ ವಲಯ. ತಂಡಗಳು ಬಹಳವಾದ್ದರಿಂದ ಮೊದಲು ನಾಕೌಟ್ ಆಡಿಸಿ, ಉಳಿದ ಕೆಲವೇ ತಂಡಗಳನ್ನು ಲೀಗಿನಲ್ಲಿ ಆಡಿಸುವ ಮಿಶ್ರ ಪದ್ಧತಿ ರೂಢಿಯಲ್ಲಿದೆ. ವಲಯದಲ್ಲಿ ಮುಂದಿನ ಸ್ಥಾನ ಪಡೆದವರು ಅಖಿಲ ಭಾರತ ಮಟ್ಟಕ್ಕೆ ಏರುತ್ತಾರೆ. ಅದಕ್ಕೂ ಮೇಲೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವಿದೆ. ಮೊದಲ ಕೂಟ 2020ರಲ್ಲಿ ಭುವನೇಶ್ವರದಲ್ಲಿಯೂ ಎರಡನೆಯದು 2022ರಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ನಡೆದವು.

ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರುವಾಗ ಪಾಲಕರು ಅರಿಯದ ಒಂದು ಮಹತ್ತ್ವದ ಸಂಗತಿಯಿದೆ. ಗೆದ್ದ ಕಾಲೇಜಿನ ತಂಡವೇ ಇಡಿಯಾಗಿ ವಿಶ್ವವಿದ್ಯಾಲಯದ ತಂಡವಾಗುವುದಿಲ್ಲ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಆಯ್ಕೆಗಾರರು ಎಲ್ಲ ಕಾಲೇಜುಗಳ ಆಟಗಾರರನ್ನು ನೋಡಿ, ಅವರಲ್ಲಿ ಸಮರ್ಥರನ್ನು ಆರಿಸಿ ಹೊಸ ತಂಡ ಕಟ್ಟುತ್ತಾರೆ. ಹೀಗೆ ಆಯ್ಕೆಯಾಗಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ 'ಯೂನಿವರ್ಸಿಟಿ ಬ್ಲೂ' ಎಂಬ ಗೌರವ. ತಂಡ ಮೊದಲ ಸುತ್ತಿನಲ್ಲಿ ಸೋತರೂ ಅದರಲ್ಲಿ ಚೆನ್ನಾಗಿ ಆಡಿದ ಹುಡುಗಿ ಆಯ್ಕೆಗಾರರ ಕಣ್ಣಿಗೆ ಬೀಳಬಹುದು. ಮನೆಯಲ್ಲಿ ಕುಳಿತವಳನ್ನು ಯಾವ ಆಯ್ಕೆಗಾರನೂ ಕಾಣಲಾರ. ಮಂಠಾಳದ ಆ ಗೃಹಸ್ಥರಿಗೆ ನಾನು ಕೊಟ್ಟ ಉತ್ತರದ ಸಾರ ಇಷ್ಟೇ. ಮಗಳು ಸೋಲಲೆಂದು ಹೋಗುತ್ತಿಲ್ಲ, ಲೆಕ್ಕಕ್ಕೆ ಸೇರಲೆಂದು ಹೋಗುತ್ತಿದ್ದಾಳೆ.

ಆದರೆ ತಂದೆತಾಯಿಗಳ ಚಿಂತೆಯನ್ನು ಅಲ್ಲಗಳೆಯುವುದು ಸಲ್ಲದು. ಸೋಲಿನ ಭಯ ಒಂದು, ಪರ ಊರಿನ ಚಿಂತೆ ಇನ್ನೊಂದು. ಎರಡನೆಯದು ನ್ಯಾಯವಾದುದು, ಅದಕ್ಕೆ ಉತ್ತರ ಪಡೆಯುವುದು ಪಾಲಕರ ಹಕ್ಕು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು ಸಂಕೋಚವಿಲ್ಲದೆ ಕೇಳಬೇಕು: ಪಂದ್ಯಾವಳಿ ಎಲ್ಲಿ, ಎಷ್ಟು ದಿನ? ನಾಕೌಟೋ ಲೀಗೋ? ಹೆಣ್ಣುಮಕ್ಕಳೊಡನೆ ಅಧ್ಯಾಪಕಿ ಅಥವಾ ಮಹಿಳಾ ವ್ಯವಸ್ಥಾಪಕರು ಬರುವರೆ? ವಸತಿ ಎಲ್ಲಿ, ಊಟದ ವ್ಯವಸ್ಥೆ ಹೇಗೆ, ಹಿಂದಿರುಗುವ ಬಸ್ಸು ಯಾವುದು? ತಪ್ಪಿದ ತರಗತಿಗಳ ಹಾಜರಾತಿ ಏನಾಗುವುದು? ತಂಡದ ಹೊಣೆ ಹೊತ್ತವರು ಇವುಗಳಿಗೆ ಸ್ಪಷ್ಟವಾಗಿ ಉತ್ತರಿಸಿದರೆ ನಿಶ್ಚಿಂತರಾಗಿ ಕಳಿಸಿರಿ. ಉತ್ತರ ದೊರೆಯದಿದ್ದರೆ ವ್ಯವಸ್ಥೆ ಸರಿಪಡಿಸುವಂತೆ ಕೇಳಿರಿ. ಆದರೆ 'ಸೋತರೆ ನಾಚಿಕೆ' ಎಂಬ ಕಾರಣವನ್ನು ಆ ಚಿಂತೆಯೊಡನೆ ಬೆರೆಸಬೇಡಿರಿ. ಎರಡೂ ಬೇರೆ ಬೇರೆ.

ಸಾಧ್ಯವಾದವರು ಒಮ್ಮೆ ಹೋಗಿ ಪಂದ್ಯವನ್ನು ನೋಡಬೇಕು. ನೋಡುವಾಗ ಚೆಂಡನ್ನಷ್ಟೇ ಹಿಂಬಾಲಿಸಿದರೆ ಕಣ್ಣು ಸೋಲುತ್ತದೆ; ಚೆಂಡಿಲ್ಲದ ನಾಲ್ವರು ಎಲ್ಲಿ ಸರಿಯುತ್ತಾರೆಂಬುದನ್ನೂ ನೋಡಬೇಕು. ಮೇಜಿನ ಬಳಿ ಕುಳಿತು ಪ್ರತಿಯೊಂದು ಅಂಕ, ಪ್ರತಿಯೊಂದು ಫೌಲನ್ನು ಆಟಗಾರರ ಹೆಸರಿನ ಮುಂದೆ ದಾಖಲಿಸುವವರಿರುತ್ತಾರೆ. ಆ ಹಾಳೆಯನ್ನು ಒಮ್ಮೆ ಬಗ್ಗಿ ನೋಡಬೇಕು. ಅಲ್ಲಿ ಗೆದ್ದ ತಂಡದವರ ಹೆಸರುಗಳೂ ಸೋತ ತಂಡದವರ ಹೆಸರುಗಳೂ ಒಂದೇ ಹಾಳೆಯಲ್ಲಿ ಇರುತ್ತವೆ.

ಮಕ್ಕಳು ಹಿಂದಿರುಗಿದಾಗ ಬಾಗಿಲಲ್ಲಿಯೇ 'ಗೆದ್ದಿರೋ ಸೋತಿರೋ' ಎಂದು ಕೇಳುವುದು ನಮ್ಮೆಲ್ಲರ ಅಭ್ಯಾಸ. ಕೈಕಾಲು ತೊಳೆದು ಊಟಕ್ಕೆ ಕುಳಿತ ಮೇಲೆ ಬೇರೆ ಪ್ರಶ್ನೆಗಳನ್ನು ಕೇಳಿ ನೋಡಿರಿ. ಎಷ್ಟು ನಿಮಿಷ ಆಡಿದೆ? ಎಷ್ಟು ಫೌಲಾಯಿತು? ನಿನ್ನ ಕೈಯಿಂದ ಚೆಂಡು ಪಡೆದು ಬುಟ್ಟಿಗೆ ಹಾಕಿದವರು ಯಾರು? ಎದುರಾಳಿಗಳು ನಿಮಗಿಂತ ಯಾವುದರಲ್ಲಿ ಮೇಲಾಗಿದ್ದರು? ಹೀಗೆ ಕೇಳಿದರೆ ಮಕ್ಕಳು ತಟ್ಟೆಯ ಮುಂದೆಯೇ ಲೋಟ, ಬಟ್ಟಲುಗಳನ್ನಿಟ್ಟು ಅಂಗಣ ಮಾಡಿ ಆಟವನ್ನೆಲ್ಲ ವಿವರಿಸುತ್ತಾರೆ. ತಿಳಿದುಕೊಂಡು ಕೇಳುವ ಹಿರಿಯರು ಮನೆಯಲ್ಲಿದ್ದರೆ ಸೋತು ಬಂದ ಮಕ್ಕಳು ಮರುದಿನ ಬೆಳಿಗ್ಗೆ ಮತ್ತೆ ಅಂಗಣಕ್ಕೆ ಹೋಗುತ್ತಾರೆ.